ರೊಟ್ಟಿ ಬಡಿಯುವ ಅಕ್ಕ ಫಾರಂನಲ್ಲಿ ಬರೀ ‘ಗೃಹಿಣಿ’: ದಾವಣಗೆರೆಯಲ್ಲಿ ಸರ್ವೆ ಹೇಗೆ ಮಾಡಬೇಕು?

ತೋಳಹುಣಸೆ ಎಂಎ

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರ ಎಂಎ ಕೊನೆ ವರ್ಷದ ವಿದ್ಯಾರ್ಥಿನಿ. ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರ ಬಗ್ಗೆ ಡಿಸರ್ಟೇಶನ್ ಮಾಡುತ್ತಿದ್ದೇನೆ. ಆರ್ಡರ್ ಮೇಲೆ ಜೋಳದ ರೊಟ್ಟಿ ಮಾಡಿಕೊಡುವವರು, ಸೀರೆಗೆ ಕುಚ್ಚು ಕಟ್ಟುವವರು, ಮಂಡಕ್ಕಿ ಭಟ್ಟಿಯಲ್ಲಿ ಮನೆಯವರ ಜೊತೆ ದುಡಿಯುವವರು, ಇವರೆಲ್ಲ ಅದರಲ್ಲಿ ಬರುತ್ತಾರೆ. ಪ್ರಶ್ನಾವಳಿ ತಯಾರಾಗಿದೆ. ಗೆಳತಿಯ ಜೊತೆ ನಿಟ್ಟುವಳ್ಳಿ ಕಡೆ ಕೆಲವು ಮನೆಗಳಿಗೆ ಹೋಗಿ ಕೇಳಿಯೂ ನೋಡಿದೆವು.

ಒಂದು ಮನೆಯ ಸಂಗತಿ ಹೇಳುತ್ತೇನೆ. ಒಬ್ಬ ಅಕ್ಕ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಪಕ್ಕದ ಬುಟ್ಟಿಯಲ್ಲಿ ಖಡಕ್ ರೊಟ್ಟಿ ಎದೆಮಟ್ಟಕ್ಕೆ ಪೇರಿಸಿಟ್ಟು ಮೇಲೆ ಬಿಳಿ ಪಂಚೆ ಮುಚ್ಚಿದ್ದರು. ನಾವು ಕೂತಿರುವಾಗಲೇ ಯಾವುದೋ ಖಾನಾವಳಿಯ ಹುಡುಗ ಬೈಕಿನಲ್ಲಿ ಬಂದು ಎಣಿಸಿಕೊಂಡು ತಗೊಂಡು ಹೋದ. ‘ಉದ್ಯೋಗ ಏನಕ್ಕಾ?’ ಅಂತ ಕೇಳಿದರೆ, ಹಿಟ್ಟಿನ ಕೈ ತೊಳೆಯುತ್ತಾ ‘ಏನಿಲ್ಲಮ್ಮ, ಮನೇಲೇ ಇರ್ತೀನಿ’ ಅಂದರು. ಒಳಗಿನಿಂದ ಯಜಮಾನರು ‘ಗೃಹಿಣಿ ಅಂತ ಬರ್ಕೊಳ್ಳಿ’ ಅಂದರು. ಬರೆದುಕೊಂಡೆವು. ಪೆನ್ನು ಮುಚ್ಚಿಟ್ಟು ನೀರು ಕುಡಿಯುವಾಗ ಅದೇ ಅಕ್ಕ ಜೋಳದ ರೇಟು, ಗ್ಯಾಸ್ ಖರ್ಚು, ಯಾವ ಮೆಸ್ಸಿನವರು ದುಡ್ಡು ಬಾಕಿ ಇಟ್ಟುಕೊಂಡಿದ್ದಾರೆ ಅನ್ನೋದನ್ನೆಲ್ಲ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು.

ಉಳಿದ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಹೀಗೇ ಹೋದರೆ, ದುಡಿಯುವ ಹೆಂಗಸರ ಮೇಲಿನ ಪ್ರಬಂಧದಲ್ಲಿ ದುಡಿಯುವ ಹೆಂಗಸರೇ ಇರುವುದಿಲ್ಲ. ನಮ್ಮ ಗೈಡ್ ಹೇಳುವುದು, ಸರ್ಕಾರಿ ಸರ್ವೆಯ ವಿಂಗಡಣೆಯನ್ನೇ ಇಟ್ಟುಕೋ, ಇಲ್ಲದಿದ್ದರೆ ಯಾವುದರ ಜೊತೆಗೂ ಹೋಲಿಸಲು ಬರುವುದಿಲ್ಲ ಅಂತ. ಗೆಳತಿ ಹೇಳುವುದು, ಪ್ರಶ್ನಾವಳಿ ಬಿಟ್ಟು ಸುಮ್ನೆ ಮಾತಾಡಿಸಿ ಬರೋಣ ಅಂತ. ಸರ್ವೆ ಮಾಡಿದವರು, ಸರ್ವೆಗೆ ಉತ್ತರ ಕೊಟ್ಟವರು ಇಬ್ಬರೂ ಇಲ್ಲಿದ್ದೀರಿ. ನೀವೇ ಹೇಳಿ.

ಸರ್ವೆ ಕೆಲಸದವ

ತಂಗೀ, ಗುತ್ತಿಗೆ ಮೇಲೆ ಮನೆ ಮನೆ ಸುತ್ತಿ ಸರ್ವೆ ಮಾಡುವುದೇ ನನ್ನ ಹೊಟ್ಟೆಪಾಡು. ನಿಮ್ಮ ಗೈಡ್ ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಸರ್ಕಾರಿ ಸರ್ವೆ ಅಂದರೆ ‘ಉದ್ಯೋಗ ಏನು’ ಅಂತ ಒಂದೇ ಪ್ರಶ್ನೆ ಕೇಳಿ ಎದ್ದು ಬರುವುದಲ್ಲ. ಅದರ ಒಳಗುಟ್ಟು ತಿಳಿದರೆ ನಿಮ್ಮ ದಾರಿ ಸಲೀಸು.

ದೇಶದಲ್ಲಿ ಯಾರು ಕೆಲಸದಲ್ಲಿದ್ದಾರೆ ಅಂತ ಲೆಕ್ಕ ಹಾಕುವುದು ಪಿಎಲ್‌ಎಫ್‌ಎಸ್ ಅನ್ನುವ ಕೇಂದ್ರ ಸರ್ಕಾರದ ಸರ್ವೆ, ಅದು 2017ರಲ್ಲಿ ಶುರುವಾಯಿತು. ಅದರಲ್ಲಿ ಒಬ್ಬರ ಕಳೆದ 365 ದಿನ ನೋಡುತ್ತಾರೆ. ಜಾಸ್ತಿ ಹೊತ್ತು ಏನು ಮಾಡಿದರೋ ಅದು ಮುಖ್ಯ ಸ್ಥಿತಿ. ಅದರ ಜೊತೆಗೆ ವರ್ಷದಲ್ಲಿ 30 ದಿನವಾದರೂ ದುಡಿದಿದ್ದರೆ ಅದು ಉಪ ಸ್ಥಿತಿ. ಇನ್ನೊಂದು ಲೆಕ್ಕದಲ್ಲಿ, ಕಳೆದ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವರು ಕೆಲಸದಲ್ಲಿದ್ದವರೇ. ಸ್ವಂತ ಕಸುಬಿನವರಿಗೆ ಕೋಡ್ 11. ಮನೆಯವರ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 21. ಬರೀ ಮನೆಗೆಲಸ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಮನೆ ಬಳಕೆಗೆ ಸೌದೆ ತರುವುದು, ಹೊಲಿಯುವುದು ಇತ್ಯಾದಿ ಮಾಡುವವರಿಗೆ 93. ನಿಮ್ಮ ರೊಟ್ಟಿ ಅಕ್ಕ ನ್ಯಾಯವಾಗಿ 11. ನೀವು ಬರೆದುಕೊಂಡು ಬಂದಿದ್ದು 92. ಎರಡರ ನಡುವೆ ಇದ್ದದ್ದು ನೀವು ಕೇಳದೇ ಬಿಟ್ಟ ನಾಲ್ಕೈದು ಪ್ರಶ್ನೆ ಅಷ್ಟೇ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ. ಇದೇ ಸರ್ವೆಯಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ಶೇ. 23.3 ಇದ್ದರು. 2023-24ಕ್ಕೆ ಅದು ಶೇ. 41.7 ಆಯಿತು. ಹೆಚ್ಚಿದ್ದರಲ್ಲಿ ದೊಡ್ಡ ಪಾಲು ಸ್ವಂತ ಕಸುಬು ಮತ್ತು ಮನೆಯವರಿಗೆ ಸಹಾಯ ಅನ್ನುವ ಲೆಕ್ಕದಲ್ಲೇ ಬಂದಿದೆ. ಕಷ್ಟ ಜಾಸ್ತಿಯಾಗಿ ಹೆಂಗಸರು ದುಡಿಮೆಗೆ ಇಳಿದರು ಅನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಮೊದಲಿನಿಂದಲೂ ದುಡಿಯುತ್ತಿದ್ದವರು ಈಗ ಸರಿಯಾಗಿ ಲೆಕ್ಕಕ್ಕೆ ಸಿಕ್ಕರು ಅನ್ನುವವರೂ ಇದ್ದಾರೆ. ಮನೆ ಮನೆ ಸುತ್ತಿದವನಾಗಿ ನನಗೆ ಎರಡೂ ಕಣ್ಣಿಗೆ ಬಿದ್ದಿದೆ.

ನನ್ನ ಸಲಹೆ ಇಷ್ಟು. ಉದ್ಯೋಗದ ಪ್ರಶ್ನೆಯನ್ನು ಫಾರಂನ ಮೊದಲ ಪುಟದಿಂದ ತೆಗೆದುಬಿಡಿ. ‘ನಿನ್ನೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಿರಿ, ಆಮೇಲೆ ಏನು ಮಾಡಿದಿರಿ’ ಅಂತ ಶುರು ಮಾಡಿ. ಸರ್ಕಾರದ ಟೈಮ್ ಯೂಸ್ ಸರ್ವೆ ಮಾಡುವುದೂ ಇದನ್ನೇ. ಹಿಂದಿನ ದಿನ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧ ಅರ್ಧ ಗಂಟೆಯಂತೆ ಕೇಳುತ್ತಾರೆ. 2019ರಲ್ಲಿ ಇಡೀ ದೇಶಕ್ಕೆ ಮೊದಲ ಸಲ ಮಾಡಿದಾಗ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಅಂತ ಬಂತು. ಒಂದೇ ಅರ್ಧ ಗಂಟೆಯಲ್ಲಿ ಎರಡು ಮೂರು ಕೆಲಸ ನಡೆದರೆ ಎಲ್ಲವನ್ನೂ ಬರೆಯಬಹುದು. ರೊಟ್ಟಿ ಬಡಿಯುತ್ತಾ ಮಗುವಿಗೆ ಪಾಠ ಹೇಳಿಕೊಡುವ ಮನೆಗೆ ಇದು ಬೇಕೇ ಬೇಕು. ದಿನಚರಿ ಪೂರ್ತಿ ಬರೆದುಕೊಂಡು ಹಾಸ್ಟೆಲ್ಲಿಗೆ ಬಂದ ಮೇಲೆ ಕೋಡ್ ನೀವೇ ಹಾಕಿ. ಗೈಡ್ ಕೇಳಿದ ಹೋಲಿಕೆಯೂ ಉಳಿಯುತ್ತೆ, ಅಕ್ಕನ ದುಡಿಮೆಯೂ ಉಳಿಯುತ್ತೆ.

ಇನ್ನೊಂದು. ಮನೆಯಲ್ಲಿ ಯಾರೋ ಒಬ್ಬರು ಎಲ್ಲರ ಪರವಾಗಿ ಉತ್ತರ ಹೇಳುವುದು ದೊಡ್ಡ ಸರ್ವೆಗಳಲ್ಲಿ ಮಾಮೂಲು. ನಿಮ್ಮದು ಸಣ್ಣದು. ಯಜಮಾನರ ಬಾಯಿಂದ ಅಕ್ಕನ ಉತ್ತರ ಬರೆಯಬೇಡಿ.

ನಿಟ್ಟುವಳ್ಳಿ ಅಕ್ಕ

ನಾನು ಕುಚ್ಚು ಕಟ್ಟುತ್ತೇನೆ. ನಮ್ಮ ಬೀದಿಯಲ್ಲಿ ರೊಟ್ಟಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನೀವು ಕೇಳಿದ ರೀತಿ ತಪ್ಪೋ ಸರಿಯೋ ಅದು ಆಮೇಲಿನ ಮಾತು. ಮೊದಲು, ನಿಮ್ಮ ಕೈಯಲ್ಲಿ ಫಾರಂ ನೋಡಿದ ತಕ್ಷಣ ನಮ್ಮ ತಲೆಯಲ್ಲಿ ಏನು ಓಡುತ್ತೆ ಅಂತ ಹೇಳುತ್ತೇನೆ ಕೇಳಿ.

ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷದ ಒಳಗಿರಬೇಕು. ಗಂಡನ ದುಡಿಮೆ, ನಮ್ಮ ರೊಟ್ಟಿ ದುಡ್ಡು ಎರಡನ್ನೂ ಬಾಯಿಬಿಟ್ಟು ಹೇಳಿದರೆ ಎಷ್ಟಾಗುತ್ತೆ? ಗೃಹಲಕ್ಷ್ಮಿ 2,000 ರೂಪಾಯಿ ಬರುತ್ತೆ. ಗಂಡ ಹೆಂಡತಿಯಲ್ಲಿ ಯಾರಾದರೂ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟುವವರಾದರೆ ಮಾತ್ರ ಅದು ಇಲ್ಲ. ರೊಟ್ಟಿ ಮಾಡುವವರಿಗೆ ಅದ್ಯಾವುದೂ ತಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ‘ವ್ಯಾಪಾರ’ ಅಂತ ಒಂದು ಅಕ್ಷರ ಕಾಗದದ ಮೇಲೆ ಬಿದ್ದರೆ ನಾಳೆ ಏನಾದೀತೋ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಅಡುಗೆ ಮನೆಯ 14.2 ಕೆಜಿ ಸಿಲಿಂಡರ್‌ನಲ್ಲಿ ಮಾರಾಟದ ರೊಟ್ಟಿ ಬೇಯಿಸುವುದಕ್ಕೆ ಬಿಡುತ್ತಾರೋ ಇಲ್ಲವೋ? ಬಾಡಿಗೆ ಮನೆಯ ಓನರ್‌ಗೆ ಗೊತ್ತಾದರೆ ಕಮರ್ಷಿಯಲ್ ಮೀಟರ್ ಹಾಕಿಸು ಅಂತಾರೋ ಏನೋ? 200 ಯೂನಿಟ್ ಉಚಿತ ಕರೆಂಟು ಕೈತಪ್ಪುತ್ತಾ? ಇಷ್ಟೂ ನಿಮ್ಮ ಆ ಒಂದು ಪ್ರಶ್ನೆಯ ಹಿಂದೆ ನಿಂತಿರುತ್ತೆ ತಂಗೀ. ‘ಏನಿಲ್ಲಮ್ಮ’ ಅಂದುಬಿಟ್ಟರೆ ಯಾವ ರಗಳೆಯೂ ಇಲ್ಲ ಅಲ್ವಾ.

ಗಂಡಸರ ಮರ್ಯಾದೆ ಪ್ರಶ್ನೆಯೂ ಇದೆ. ಹೆಂಡತಿ ದುಡಿದದ್ದರಲ್ಲಿ ಮನೆ ನಡೆಯುತ್ತೆ ಅಂತ ಹೊರಗಿನವರ ಮುಂದೆ ಹೇಳಿಸಿಕೊಳ್ಳಲು ಯಾರೂ ತಯಾರಿಲ್ಲ. ಅದಕ್ಕೇ ಅವರು ಒಳಗಿನಿಂದ ಕೂಗಿ ಹೇಳಿದ್ದು.

ನೀವು ಮಧ್ಯಾಹ್ನ ಎರಡೂವರೆ ಮೇಲೆ ಬನ್ನಿ. ಊಟ ಮುಗಿದಿರುತ್ತೆ, ಗಂಡಸರು ಹೊರಗೆ ಹೋಗಿರುತ್ತಾರೆ, ನಲ್ಲಿ ನೀರು ಬರುವ ದಿನ ಅಲ್ಲದಿದ್ದರೆ ನಾವು ಕಟ್ಟೆ ಮೇಲೆ ಕೂತಿರುತ್ತೇವೆ. ಕಾಲೇಜಿನ ಐಡಿ ತೋರಿಸಿ. ಹೆಸರು, ಆಧಾರ್, ರೇಷನ್ ಕಾರ್ಡ್ ನಂಬರ್ ಯಾವುದನ್ನೂ ಕೇಳುವುದಿಲ್ಲ ಅಂತ ಮೊದಲೇ ಹೇಳಿ. ಆಮೇಲೆ ನೋಡಿ, ನೀವು ಸಾಕು ಅನ್ನುವವರೆಗೂ ಹೇಳುತ್ತಾರೆ.

ಅಂಕಿಸಂಖ್ಯೆ ಪಿಜೆ ಬಡಾವಣೆ

ಮಾತುಕತೆಯಲ್ಲೇ ಮುಗಿಸಿಬಿಡಿ ಅನ್ನುವವರಿಗೆ ನನ್ನ ವಿರೋಧ ಇದೆ. ಎಣಿಕೆ ಬೇಕು. ಮನೆಯಲ್ಲಿ ಕೂತು ಬೇರೆಯವರಿಗೆ ಮಾಡಿಕೊಡುವ ಕೆಲಸಕ್ಕಾಗಿಯೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಪ್ಪಂದ ಮಾಡಿತು. ಭಾರತ ಇವತ್ತಿಗೂ ಅದಕ್ಕೆ ಸಹಿ ಹಾಕಿಲ್ಲ. ಅಂಥ ಒಪ್ಪಂದ ಬೇಕು ಅಂತ ಜಗತ್ತಿನ ಮುಂದೆ ಪಟ್ಟು ಹಿಡಿದವರಲ್ಲಿ ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯೂ ಇತ್ತು. ಅವರು ಬರೀ ಕಷ್ಟ ಹೇಳಿಕೊಂಡು ಕೂರಲಿಲ್ಲ. ಇಷ್ಟು ಜನ ಇದ್ದೇವೆ, ಇಂತಿಂಥ ಕೆಲಸಕ್ಕೆ ಇಂತಿಷ್ಟು ಕೂಲಿ ಅಂತ ಲೆಕ್ಕ ಮುಂದಿಟ್ಟರು. ನಮ್ಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮನೆಯಿಂದ ದುಡಿಯುವ ಕಾರ್ಮಿಕರು ಯಾರು ಅನ್ನುವ ವ್ಯಾಖ್ಯೆ ಇದೆ. ಆದರೆ ಊರಲ್ಲಿ ಅಂಥವರು ಎಷ್ಟಿದ್ದಾರೆ ಅಂತ ತೋರಿಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತೆ.

ಹಾಗಾಗಿ ತಂಗೀ, ಒಂದು ರೊಟ್ಟಿಗೆ ಎಷ್ಟು ಸಿಗುತ್ತೆ, ಅದರಲ್ಲಿ ಜೋಳಕ್ಕೆ ಎಷ್ಟು, ಬೀಸಿದ್ದಕ್ಕೆ ಎಷ್ಟು, ಗ್ಯಾಸಿಗೆ ಎಷ್ಟು ಅನ್ನೋದನ್ನು ಕಳೆದು, ಒಂದು ಗಂಟೆಯ ದುಡಿಮೆಗೆ ಕೈಯಲ್ಲಿ ಉಳಿಯುವುದೆಷ್ಟು ಅಂತ ಖಂಡಿತ ಲೆಕ್ಕ ಹಾಕಿ. ಆ ಒಂದು ಅಂಕಿ ಕನಿಷ್ಠ ಕೂಲಿಯ ಪಕ್ಕದಲ್ಲಿ ನಿಂತರೆ ಸಾಕು.

ಭಟ್ಟಿ ಏರಿಯಾ

ಮಂಡಕ್ಕಿ ಭಟ್ಟಿ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಅದೇ ಕಸುಬು.

ಜನ ನರ್ಗಿಸ್ ಮಂಡಕ್ಕಿ, ಮಿರ್ಚಿ ತಿಂದು ಹೋಗುತ್ತಾರೆ. ಅದರ ಹಿಂದೆ ಏನಿದೆ ಅಂತ ಕೇಳಿ. ಭತ್ತ ನೆನೆಸಬೇಕು, ಬೇಯಿಸಬೇಕು, ಅಂಗಳದಲ್ಲಿ ಹರಡಿ ಕಾಲಲ್ಲಿ ತಿರುವುತ್ತಾ ಒಣಗಿಸಬೇಕು. ಗಿರಣಿಗೆ ಹಾಕಿ ಅಕ್ಕಿ ಮಾಡಿಸಬೇಕು. ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಆರಿಸಬೇಕು. ಆಮೇಲೆ ಭಟ್ಟಿ. ಬೆಳಕು ಹರಿಯುವ ಮೊದಲೇ ಬೆಂಕಿ ಹಾಕುತ್ತಾರೆ. ಒಬ್ಬರು ಒಲೆ ಬಾಯಿಗೆ ಹೊಟ್ಟು ಎಸೆಯುತ್ತಲೇ ಇರಬೇಕು. ಇನ್ನೊಬ್ಬರು ಕಾದ ಮರಳಿಗೆ ಅಕ್ಕಿ ಹಾಕಿ ಹುರಿಯಬೇಕು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳುತ್ತೆ, ತಡ ಮಾಡಿದರೆ ಸೀದು ಹೋಗುತ್ತೆ. ಅರಳಿದ್ದನ್ನು ಜರಡಿ ಹಿಡಿದು ಮರಳು ಬೇರೆ ಮಾಡಿ, ಚೀಲ ತುಂಬಿ, ದಬ್ಬಣದಲ್ಲಿ ಬಾಯಿ ಹೊಲಿಯಬೇಕು. ಒಣಗಿಸುವುದು, ಆರಿಸುವುದು, ಜರಡಿ, ಚೀಲ, ಇದೆಲ್ಲ ಜಾಸ್ತಿ ಹೆಂಗಸರ ಕೈಲಿ. ಕೂಲಿ ಮಾತ್ರ ಚೀಲದ ಲೆಕ್ಕದಲ್ಲಿ ಗಂಡಸಿನ ಕೈಗೆ. ಮನೆಯಲ್ಲಿ ನಾಲ್ಕು ಜನ ದುಡಿದಿದ್ದರೂ ದುಡ್ಡು ಎಣಿಸಿಕೊಳ್ಳುವವನು ಒಬ್ಬನೇ. ಅದಕ್ಕೇ ‘ನಿಮ್ಮ ಸಂಬಳ ಎಷ್ಟು’ ಅಂತ ನಮ್ಮ ಅಮ್ಮನನ್ನು ಕೇಳಿದರೆ ಅವರು ಏನು ಹೇಳಬೇಕು? ನಮ್ಮ ಕಡೆ ‘ಒಂದು ಚೀಲಕ್ಕೆ ಯಾರ್‍ಯಾರ ಕೈ ಬಿದ್ದಿದೆ’ ಅಂತ ಕೇಳಿ. ಉತ್ತರ ಸಿಗುತ್ತೆ.

ಇನ್ನೊಂದು ಮಾತು ಬೇಜಾರಿನಿಂದಲೇ ಹೇಳುತ್ತಿದ್ದೇನೆ. ಹೊರಗಿನಿಂದ ಎಷ್ಟೋ ಜನ ಕ್ಯಾಮೆರಾ ತಗೊಂಡು ಬಂದರು. ಮಕ್ಕಳ ಫೋಟೋ ತೆಗೆದರು. ಹೊಗೆಯಲ್ಲಿ ಮಗು ನಿಂತಿರುವುದು ಅವರಿಗೆ ಒಳ್ಳೆಯ ಚಿತ್ರ. ಮಕ್ಕಳು ಭಟ್ಟಿಯಲ್ಲಿ ಇರಬಾರದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. 14 ದಾಟದ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದು ಅಂತ 2016ರ ತಿದ್ದುಪಡಿಯಲ್ಲೇ ಬಂದಿದೆ. ಮನೆಯ ಕಸುಬಿಗೆ ಶಾಲೆ ಬಿಟ್ಟ ಮೇಲೆ ನೆರವಾಗಬಹುದು ಅನ್ನುವ ವಿನಾಯಿತಿಯನ್ನೂ ಅದೇ ತಿದ್ದುಪಡಿ ಕೊಟ್ಟಿದೆ. ಅಪಾಯದ ಕೆಲಸಕ್ಕೆ ಆ ವಿನಾಯಿತಿ ಇಲ್ಲ. ಭಟ್ಟಿ ಮನೆಯೊಳಗೇ ಇದ್ದರೆ ಎಲ್ಲಿ ಮನೆ ಮುಗಿಯುತ್ತೆ, ಎಲ್ಲಿ ಕಾರ್ಖಾನೆ ಶುರುವಾಗುತ್ತೆ? ಇದನ್ನು ಕೂತು ಕೇಳಿದವರು ಕಡಿಮೆ. ಚೀಲದ ಕೂಲಿ ಯಾಕೆ ಏರಲಿಲ್ಲ, ಹೊಗೆಯಿಂದ ದೊಡ್ಡವರ ಎದೆ ಏನಾಯಿತು ಅಂತ ಕೇಳಿದವರು ಇನ್ನೂ ಕಡಿಮೆ. ಬರೆದದ್ದನ್ನು ತಂದು ನಮಗೆ ಓದಿ ಹೇಳಿದವರು ಒಬ್ಬರೂ ಇಲ್ಲ. ನೀವು ಬರುವುದಾದರೆ ಬನ್ನಿ, ಬೇಡ ಅನ್ನುವುದಿಲ್ಲ. ಬರೆದ ಮೇಲೂ ಬರಬೇಕು.

ಮಿಲ್ ಚಾಳಿನವ

ಭಟ್ಟಿ ಏರಿಯಾದವರು ಬರೆದದ್ದನ್ನು ಓದಿ ನಮ್ಮ ಅಜ್ಜನ ಕಾಲ ನೆನಪಾಯಿತು. ಅವರು ಹತ್ತಿ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ದಿನಗಳು. ಆಗ ಯಾರು ಕಾರ್ಮಿಕ, ಯಾರು ಅಲ್ಲ ಅನ್ನುವುದಕ್ಕೆ ಸರ್ವೆ ಬೇಕಿರಲಿಲ್ಲ. ಪಾಳಿ ಕೂಗಿದಾಗ ಗೇಟಿನೊಳಗೆ ಹೋದವನು ಕಾರ್ಮಿಕ. ಮಸ್ಟರ್ ಪುಸ್ತಕದಲ್ಲಿ ಹೆಸರು, ಕೈಯಲ್ಲಿ ಸಂಬಳದ ಚೀಟಿ, ಯೂನಿಯನ್ ರಸೀದಿ. ಆ ಗೇಟಿನ ಮುಂದೆಯೇ ರಾಜಕೀಯವೂ ನಡೆಯುತ್ತಿತ್ತು. ಕೆಂಬಾವುಟದ ಪಂಪಾಪತಿಯವರು 1978, 1983, 1985ರಲ್ಲಿ ಇಲ್ಲಿಂದ ವಿಧಾನಸಭೆಗೆ ಗೆದ್ದದ್ದು ಗೇಟ್ ಮೀಟಿಂಗಿನ ಬಲದಿಂದ. ಪಾಳಿ ಬಿಟ್ಟ ಹೊತ್ತಿಗೆ ಒಬ್ಬರು ನಿಂತು ಮಾತಾಡಿದರೆ ನೂರಾರು ಜನ ಒಟ್ಟಿಗೆ ಕೇಳುತ್ತಿದ್ದರು, ಅಲ್ಲೇ ಎದುರು ಪ್ರಶ್ನೆ ಕೇಳುತ್ತಿದ್ದರು, ಜಗಳವೂ ಆಡುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು.

ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರು ಕಾಲೇಜುಗಳ ಕಡೆ ತಿರುಗಿತು. 1965ರಲ್ಲೇ ಮೆಡಿಕಲ್ ಕಾಲೇಜು ಬಂದಿತ್ತು, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಹಾಸ್ಟೆಲ್, ಪಿಜಿ, ಮೆಸ್ಸು ಹೆಚ್ಚಿದವು. ನಿಮ್ಮ ರೊಟ್ಟಿ ಅಕ್ಕನ ಆರ್ಡರ್ ಎಲ್ಲಿಂದ ಬರುತ್ತೆ ಅಂತ ನೋಡಿದರೆ ಬಹುಪಾಲು ಈ ಮೆಸ್ಸುಗಳಿಂದಲೇ. ನಮ್ಮ ಚಾಳಿನಲ್ಲಿ ಮಿಲ್ ಮುಚ್ಚಿದ ಮೇಲೆ ಗಂಡಸರು ಆಟೋ, ಹಮಾಲಿ ಅಂತ ಹೋದರು. ಹೆಂಗಸರು ಒಲೆ ಮುಂದೆ, ಹೊಲಿಗೆ ಯಂತ್ರದ ಮುಂದೆ ಕೂತರು. ದುಡಿಮೆ ಗೇಟಿನಿಂದ ಮನೆಯೊಳಕ್ಕೆ ಬಂತು, ಮಸ್ಟರ್ ಪುಸ್ತಕ ಮಾತ್ರ ಜೊತೆಗೆ ಬರಲಿಲ್ಲ. ನಿಮ್ಮ ಪ್ರಬಂಧದಲ್ಲಿ ಇದು ಬರಲೇಬೇಕು ಅನ್ನುವುದು ನನ್ನ ಒತ್ತಾಯ. ರೊಟ್ಟಿ ಕಸುಬು ಮೊದಲಿನಿಂದ ಇದ್ದದ್ದು ಅನ್ನುವ ಹಾಗೆ ಬರೆದರೆ ಊರಿನ ಚರಿತ್ರೆಯೇ ಬಿಟ್ಟುಹೋಗುತ್ತೆ.

ಫೋನಿನ ಬಗ್ಗೆಯೂ ಒಂದೆರಡು ಪ್ರಶ್ನೆ ಸೇರಿಸಿ. ಗೇಟ್ ಮೀಟಿಂಗ್ ಹೋದ ಜಾಗಕ್ಕೆ ವಾರ್ಡಿನ ವಾಟ್ಸಾಪ್ ಗುಂಪು ಬಂದಿದೆ. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಚಾಟಿಗೆ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿದರು. 2020ರಲ್ಲಿ ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ಒಂದೇ ಚಾಟು. ಆದರೆ ಮನೆಯೊಳಗೆ ಅದು ಹೇಗೆ ಮುಟ್ಟುತ್ತೆ ಅನ್ನುವುದನ್ನು ಫೋನ್ ನೋಡಿ ಹೇಳಲಾಗದು. ನಮ್ಮ ಓಣಿಯಲ್ಲಿ ವಯಸ್ಸಾದವರು ಅಕ್ಷರ ಓದುವುದಿಲ್ಲ, ವಾಯ್ಸ್ ಮೆಸೇಜ್ ಕೇಳುತ್ತಾರೆ. ಮಗ ಓದಿ ಹೇಳಿದ್ದನ್ನು ಅಮ್ಮ ರೊಟ್ಟಿ ಬಡಿಯುತ್ತಾ ಕೇಳಿ, ಪಕ್ಕದ ಮನೆಯವರಿಗೆ ದಾಟಿಸುತ್ತಾಳೆ. ‘ಯಾವ ಆ್ಯಪ್ ಬಳಸುತ್ತೀರಿ’ ಅಂತ ಕೇಳಿದರೆ ಆ ಅಮ್ಮ ‘ನನ್ನ ಹತ್ರ ಫೋನೇ ಇಲ್ಲ’ ಅನ್ನುತ್ತಾಳೆ. ಹಾಗಂತ ಸುದ್ದಿ ಅವಳಿಗೆ ಮುಟ್ಟಿಲ್ಲ ಅಂತಲ್ಲವಲ್ಲ. ‘ಈ ವಾರ ಯಾರಿಂದ ಏನು ಕೇಳಿದಿರಿ, ಯಾರಿಗೆ ಹೇಳಿದಿರಿ’ ಅಂತ ಕೇಳಿ. ಮತ್ತೆ ದಯವಿಟ್ಟು ಯಾರದೇ ಗುಂಪಿಗೆ ಹೇಳದೆ ಕೇಳದೆ ಸೇರಿಕೊಂಡು ಸ್ಕ್ರೀನ್‌ಶಾಟ್ ತೆಗೆಯುವ ಸಂಶೋಧನೆ ಮಾಡಬೇಡಿ. ಅಲ್ಲಿರುವ ನಂಬರುಗಳೆಲ್ಲ ನಮ್ಮ ಅಕ್ಕಪಕ್ಕದವರವು.

ಬಿಕಾಂ ಡೆಲಿವರಿ

ನನ್ನಂಥವರನ್ನೂ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಬಿಕಾಂ ಆಗಿದೆ, ಸಂಜೆಯಿಂದ ರಾತ್ರಿವರೆಗೆ ಡೆಲಿವರಿ, ಬೆಳಿಗ್ಗೆ ಲೈಬ್ರರಿಯಲ್ಲಿ ಪರೀಕ್ಷೆಗೆ ಓದುವುದು. ಮನೆಯಲ್ಲಿ ಕೇಳಿದರೆ ‘ಮಗ ಓದ್ತಿದಾನೆ’ ಅಂತಾರೆ. ಬೈಕಿನ ಸಾಲ ಕೊಟ್ಟವರಿಗೆ ‘ಕೆಲಸದಲ್ಲಿದಾನೆ’ ಅಂತಾರೆ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬೇಕಾದರೆ ಡಿಗ್ರಿ ಮುಗಿದು 180 ದಿನ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಲೂ ಇರಬಾರದು. ಪದವಿಯಾದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಈಗ ನಾನು ಯಾವ ಕಡೆಯವನು ಹೇಳಿ?

ನಮ್ಮಂಥವರಿಗಾಗಿ 2025ರಲ್ಲಿ ರಾಜ್ಯ ಒಂದು ಕಾನೂನು ಮಾಡಿದೆ. ಪ್ರತಿ ಆರ್ಡರಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ತಗೊಳ್ಳಬೇಕು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಗಿಗ್ ಕೆಲಸ ಅಂದ ತಕ್ಷಣ ಎಲ್ಲರ ಕಣ್ಣು ಬೆಂಗಳೂರಿನ ಮೇಲೆ. ಹೊಂಡದ ಸರ್ಕಲ್ ಹತ್ತಿರ ರಾತ್ರಿ ಆರ್ಡರಿಗೆ ಕಾಯುತ್ತಾ ನಿಂತಿರುವವರನ್ನು ಮಾತಾಡಿಸಿ ನೋಡಿ, ಡಿಗ್ರಿ ಇಲ್ಲದವರನ್ನು ಹುಡುಕಬೇಕು. ಮೆಸ್ಸಿನಿಂದ ನಾವು ಹೊತ್ತುಕೊಂಡು ಹೋಗುವ ಡಬ್ಬಿಯಲ್ಲಿ ಇರುವುದೂ ಅದೇ ಅಕ್ಕನ ರೊಟ್ಟಿ. ಎರಡೂ ದುಡಿಮೆ ಒಂದೇ ಮನೆಯಲ್ಲಿ ಇರುವುದು ಎಷ್ಟೋ ಸಲ. ಅಮ್ಮ ಒಲೆ ಮುಂದೆ, ಮಗ ಬೈಕ್ ಮೇಲೆ. ಹಾಗಾಗಿ ಒಬ್ಬರನ್ನಲ್ಲ, ಮನೆಯನ್ನೇ ಒಂದು ಘಟಕವಾಗಿ ತಗೊಳ್ಳಿ.

ಚಳ್ಳಕೆರೆ ಮೇಷ್ಟ್ರು

2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆಗೆ ಹೋದ ಶಿಕ್ಷಕರಲ್ಲಿ ನಾನೂ ಒಬ್ಬ. 60 ಪ್ರಶ್ನೆ. ಕರೆಂಟ್ ಮೀಟರ್ ನೋಡಿ ಮನೆ ಗುರುತು ಹಿಡಿದು, ಮೊಬೈಲ್ ಆ್ಯಪಿನಲ್ಲಿ ತುಂಬಿಸುವುದು. ಅಷ್ಟು ಪ್ರಶ್ನೆ ಮುಗಿಸುವ ಹೊತ್ತಿಗೆ ಹೇಳುವವರೂ ದಣಿಯುತ್ತಾರೆ, ಬರೆಯುವವರೂ ದಣಿಯುತ್ತಾರೆ. ಚಳ್ಳಕೆರೆಯಲ್ಲಿ ಶೇಂಗಾ ಸುಲಿಯುವ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರು ಕೈ ನಿಲ್ಲಿಸದೆ ಉತ್ತರ ಹೇಳುತ್ತಿದ್ದರು. ಆ ಕೈ ಏನು ಮಾಡುತ್ತಿದೆ ಅನ್ನುವುದು ನೋಡುವವರ ಕಣ್ಣಿಗೆ ಬೀಳುತ್ತಿತ್ತು, ಉತ್ತರದಲ್ಲಿ ಬರುತ್ತಿರಲಿಲ್ಲ. ಹಾಗಾಗಿ ತಂಗೀ, ನಿಮ್ಮ ಫಾರಂನ ಕೊನೆಯಲ್ಲಿ ನೀವು ಕಂಡದ್ದನ್ನು ಬರೆಯಲು ಒಂದು ಪುಟ ಖಾಲಿ ಬಿಡಿ. ಯಾರು ಪಕ್ಕದಲ್ಲಿದ್ದರು, ಯಾರು ಮಧ್ಯೆ ಬಾಯಿ ಹಾಕಿದರು, ಯಾವ ಪ್ರಶ್ನೆಗೆ ಸುಮ್ಮನಾದರು, ಎಲ್ಲ. ಅದು ಉತ್ತರದಷ್ಟೇ ಮುಖ್ಯ.

ಶಿಕ್ಷಣದ ಸಂಶೋಧನೆಯಿಂದ ಒಂದು ಉದಾಹರಣೆ ಕೊಡುತ್ತೇನೆ. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆ ಮಕ್ಕಳ ಓದನ್ನು ಶಾಲೆಯಲ್ಲಿ ಅಳೆಯುವುದಿಲ್ಲ, ಮನೆಗೆ ಹೋಗಿ ಅಳೆಯುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಶಾಲೆಗೆ ಹೋಗಿ ಕೇಳಿದರೆ ಶಾಲೆ ಬಿಟ್ಟ ಮಗು ಸಿಗುವುದೇ ಇಲ್ಲವಲ್ಲ. ಮಗುವಿನ ಕೈಗೆ ಕನ್ನಡದಲ್ಲೇ ಎರಡನೇ ತರಗತಿಯ ಒಂದು ಸಣ್ಣ ಪಾಠ ಕೊಟ್ಟು ಓದು ಅನ್ನುತ್ತಾರೆ, ತಂದೆ ತಾಯಿ ಅಲ್ಲೇ ನಿಂತು ನೋಡುತ್ತಿರುತ್ತಾರೆ. ‘ನಮ್ಮ ಹುಡುಗ ಐದನೇ ಕ್ಲಾಸು, ಇದು ಬರಲ್ವಾ’ ಅಂತ ಅಪ್ಪನಿಗೆ ಆ ಕ್ಷಣದಲ್ಲೇ ಗೊತ್ತಾಗುತ್ತೆ. ವರದಿ ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಕೆಲಸದಲ್ಲೂ ಅಂಥದ್ದು ಸಾಧ್ಯ. ಮೇಲೆ ಒಬ್ಬರು ಹೇಳಿದ ಗಂಟೆಯ ಕೂಲಿ ಲೆಕ್ಕವನ್ನು ಅಕ್ಕನ ಮುಂದೆಯೇ, ಅವರ ಜೊತೆಯಲ್ಲೇ ಹಾಕಿ. ಅವರೇ ಕೂಡಿ ಕಳೆಯಲಿ. ಮುಂದಿನ ಸಲ ಮೆಸ್ಸಿನವರ ಹತ್ತಿರ ರೇಟು ಮಾತಾಡುವಾಗ ಆ ಲೆಕ್ಕ ಅವರ ಕೈಯಲ್ಲಿರುತ್ತೆ.

ಗೆಳತಿ ಹೇಳಿದ ಬರೀ ಮಾತುಕತೆಯ ದಾರಿಯನ್ನೂ ನಾನು ಕೀಳು ಮಾಡುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯಲ್ಲಿ ವಾಸ ಮಾಡಿ, ನೋಡಿ, ಕೇಳಿ ಬರೆದುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಟಿಪ್ಪಣಿಗಳು ಸುಟ್ಟುಹೋದವು. ಆದರೂ ನೆನಪಿನಿಂದ ಆ ಹಳ್ಳಿಯನ್ನು ಬರೆಯಲು ಅವರಿಗೆ ಸಾಧ್ಯವಾಯಿತು, ಯಾಕೆಂದರೆ ಅಲ್ಲಿ ಬದುಕಿದ್ದರು. ಇವತ್ತು ಟಿವಿಯಲ್ಲಿ ದಿನಬೆಳಗಾದರೆ ಕೇಳುವ ‘ವೋಟ್ ಬ್ಯಾಂಕ್’ ಅನ್ನುವ ಮಾತೂ ಅವರ ಬರಹದಿಂದಲೇ ಬಂದದ್ದು. ನಿಮಗೆ ವರ್ಷಗಟ್ಟಲೆ ಸಮಯ ಇಲ್ಲ, ನಿಜ. ಹಾಗಂತ ಒಂದೇ ಸಲ ಹೋಗಿ ಬಂದುಬಿಡಬೇಡಿ. ಮನೆಗಳ ಸಂಖ್ಯೆ ಕಡಿಮೆ ಮಾಡಿ, ಅದೇ ಮನೆಗೆ ಮತ್ತೆ ಮತ್ತೆ ಹೋಗಿ. ಹಬ್ಬದ ತಿಂಗಳಿಗೂ ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದ ತಿಂಗಳಿಗೂ ರೊಟ್ಟಿ ಆರ್ಡರ್ ಒಂದೇ ಇರುವುದಿಲ್ಲ.

ತೋಳಹುಣಸೆ ಎಂಎ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಹಾಯ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಗೈಡ್ ಹತ್ತಿರ ಇದನ್ನೆಲ್ಲ ಮಾತಾಡಿದೆ. ದಿನಚರಿಯಿಂದ ಶುರು ಮಾಡಿ ಕೋಡ್ ಆಮೇಲೆ ಹಾಕುವುದಕ್ಕೆ ಒಪ್ಪಿದರು. ಉದ್ಯೋಗದ ಪ್ರಶ್ನೆಯನ್ನು ಮಾತ್ರ ಪೂರ್ತಿ ತೆಗೆಯಬೇಡ, ಕೊನೆಯಲ್ಲಿ ಇಡು, ದಿನಚರಿ ಹೇಳಿದ ಮೇಲೂ ಎಷ್ಟು ಜನ ‘ಏನಿಲ್ಲ’ ಅನ್ನುತ್ತಾರೆ ಅನ್ನುವುದೇ ಒಂದು ಫಲಿತಾಂಶ ಅಂದರು. ನನಗೂ ಅದು ಸರಿ ಅನ್ನಿಸಿತು. ಮನೆಗಳನ್ನು ಕಡಿಮೆ ಮಾಡಿ, ಪ್ರತಿ ಮನೆಯಲ್ಲೂ ದುಡಿಯುವ ಎಲ್ಲರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತೇನೆ. ಮಿಲ್ಲಿನ ಇತಿಹಾಸಕ್ಕೆ ಒಂದು ಅಧ್ಯಾಯ ಇಡುತ್ತೇನೆ. ಫೋನಿನ ವಿಷಯ ಈ ಸಲ ಎರಡೇ ಪ್ರಶ್ನೆಗೆ ನಿಲ್ಲಿಸುತ್ತೇನೆ, ಅದು ಬೇರೆಯೇ ಒಂದು ಪ್ರಬಂಧ ಆಗುವಷ್ಟಿದೆ.

ಒಂದು ತೊಡಕು ಉಳಿದಿದೆ. ಒಪ್ಪಿಗೆ ಪತ್ರಕ್ಕೆ ಪ್ರತಿಯೊಬ್ಬರ ಸಹಿ ಬೇಕು ಅನ್ನುತ್ತಾರೆ. ಹೆಸರು ಕೇಳುವುದಿಲ್ಲ ಅಂತ ಹೇಳಿ ಆಮೇಲೆ ಸಹಿ ಹಾಕಿ ಅಂದರೆ ನಂಬುತ್ತಾರಾ?

ನಿಟ್ಟುವಳ್ಳಿ ಅಕ್ಕ

ಖಂಡಿತ ನಂಬುವುದಿಲ್ಲ. ಸಹಿ, ಹೆಬ್ಬೆಟ್ಟು ಅಂದರೆ ಸಾಲದ ಕಾಗದವೇ ಕಣ್ಣಮುಂದೆ ಬರುತ್ತೆ. ಸಂಘದ ಸಾಲಕ್ಕೆ ಎಷ್ಟು ಕಡೆ ಹಾಕಿದ್ದೇವೆ ಅಂತ ನಮಗೇ ಲೆಕ್ಕ ಇಲ್ಲ.

ಸರ್ವೆ ಕೆಲಸದವ

ಬಾಯಿಮಾತಿನ ಒಪ್ಪಿಗೆಗೂ ಅವಕಾಶ ಇರುತ್ತೆ ತಂಗೀ, ವಿಭಾಗದಲ್ಲಿ ಮೊದಲೇ ಕೇಳಿ ಬರಹದಲ್ಲಿ ಅನುಮತಿ ತಗೊಳ್ಳಿ. ಒಪ್ಪಿಗೆಯ ಮಾತನ್ನು ಕನ್ನಡದಲ್ಲಿ ಐದಾರು ಸಾಲು ಬರೆದು ಪ್ರತಿ ಮನೆಯಲ್ಲೂ ಗಟ್ಟಿಯಾಗಿ ಓದಿ. ಏನು ಕೇಳುತ್ತೀರಿ, ಎಲ್ಲಿ ಇಡುತ್ತೀರಿ, ಯಾವ ಪ್ರಶ್ನೆಗೆ ಬೇಕಾದರೂ ಉತ್ತರ ಬೇಡ ಅನ್ನಬಹುದು, ಮಧ್ಯದಲ್ಲಿ ಎದ್ದು ಹೋಗಬಹುದು ಅಂತ ಅದರಲ್ಲಿರಲಿ. ಅವರು ಹೂಂ ಅಂದಮೇಲೆ ತಾರೀಖು, ಹೊತ್ತು ಬರೆದು ನೀವೇ ಸಹಿ ಮಾಡಿ. ಮನೆಗೆ ಹೆಸರಿನ ಬದಲು ನಂಬರ್ ಕೊಡಿ. ಯಾವ ನಂಬರ್ ಯಾವ ಮನೆ ಅನ್ನುವ ಪಟ್ಟಿ ಬೇರೆ ಪುಸ್ತಕದಲ್ಲಿರಲಿ, ಅದನ್ನು ಫೀಲ್ಡಿಗೆ ತಗೊಂಡು ಹೋಗಬೇಡಿ. ಓದಿದ ಚೀಟಿಯ ಒಂದು ಪ್ರತಿ ನಿಮ್ಮ ವಿಭಾಗದ ಫೋನ್ ನಂಬರ್ ಸಮೇತ ಆ ಮನೆಯಲ್ಲೇ ಕೊಟ್ಟು ಬನ್ನಿ.

ಭಟ್ಟಿ ಏರಿಯಾ

ಚೀಟಿ ಉರ್ದುವಿನಲ್ಲೂ ಬೇಕಾಗುತ್ತೆ, ನಮ್ಮ ಕಡೆ ಕನ್ನಡ ಓದಲು ಬಾರದ ಹಿರಿಯ ಹೆಂಗಸರು ತುಂಬಾ ಜನ ಇದ್ದಾರೆ. ಕಳಿಸಿ, ನಮ್ಮ ತಂಗಿ ಬರೆದುಕೊಡುತ್ತಾಳೆ. ಭಟ್ಟಿಗೆ ಬೆಂಕಿ ಹಾಕದ ದಿನ ಯಾವುದು ಅಂತ ನೋಡಿ ಹೇಳುತ್ತೇನೆ, ಆ ದಿನ ಬಂದರೆ ಹೆಂಗಸರು ಬಿಡುವಾಗಿ ಸಿಗುತ್ತಾರೆ.